ರಸಮೇವು: ಗುಂಡಿ ದೊಡ್ಡದಾದಷ್ಟೂ ಲಾಭವೇ?

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಂಥ ಕಡೆ ಮುಂಗಾರಿನಲ್ಲಿ ಹಸಿಮೇವಿಗೆ ಬರವಿಲ್ಲ. ಫೆಬ್ರುವರಿ ಕಳೆಯಿತೆಂದರೆ ನೀರಿಲ್ಲದ ಮನೆಗಳಿಗೆ ರಾಗಿ ಹುಲ್ಲೇ ಗತಿ. ಒಣಹುಲ್ಲಿನಿಂದ ಹಸುವಿನ ಹೊಟ್ಟೆ ತುಂಬೀತು, ಕೆಚ್ಚಲು ತುಂಬದು. ಈ ಕೊರತೆ ನೀಗಿಸಲು ಹಸಿಮೇವನ್ನು ಗಾಳಿಯಾಡದಂತೆ ತುಂಬಿಟ್ಟು ಹುಳಿಸಿದ ರಸಮೇವು, ಅಂದರೆ ಸೈಲೇಜ್, ಒಳ್ಳೆಯ ದಾರಿ. ಆದರೆ ಅದರ ಸುತ್ತ ಹಬ್ಬಿರುವ ಕೆಲವು ನಂಬಿಕೆಗಳಿಂದ ಹಾಲಿನವರಿಗೆ ನಷ್ಟವಾಗುತ್ತಿದೆ.

‘ಸೈಲೇಜ್ ಅಂದರೆ ಕೊಳೆತ ಮೇವು.’ ಅಲ್ಲ. ಮೇವು ಕೊಳೆಯುವುದು ಗಾಳಿ ಆಡಿದಾಗ. ಗಾಳಿ ಇಲ್ಲದ ಕಡೆ ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳು ದಂಟಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ ಮೇವು ಕೆಡಿಸುವ ಜೀವಿಗಳು ಬೆಳೆಯಲಾರವು. ನಮ್ಮ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರಲ್ಲ, ಅಲ್ಲೂ ಕಾಯುತ್ತಿದ್ದುದು ಗಾಳಿಗೆ ಹಾಕಿದ ಅಡ್ಡಗಟ್ಟೇ. ಚೆನ್ನಾಗಿ ಆದ ರಸಮೇವಿಗೆ ಹಿತವಾದ ಹುಳಿವಾಸನೆ, ಹಳದಿ ಬೆರೆತ ಹಸಿರು ಬಣ್ಣ ಇರುತ್ತದೆ. ಕಪ್ಪಾಗಿ ಗಬ್ಬು ನಾರಿದರೆ ಅದು ಕೆಟ್ಟ ಕೆಲಸದ ಗುರುತು.

‘ಮುಸುಕಿನ ಜೋಳದ ತೆನೆ ಮುರಿದು ಮಾರಿ, ಉಳಿದ ದಂಟನ್ನು ತುಂಬಿದರಾಯಿತು.’ ಈ ಆಸೆ ಸಹಜ, ಲೆಕ್ಕ ಮಾತ್ರ ತಪ್ಪು. ಮುಸುಕಿನ ಜೋಳದ ರಸಮೇವಿನ ಶಕ್ತಿಯ ದೊಡ್ಡ ಪಾಲು ಕಾಳಿನ ಪಿಷ್ಟದಲ್ಲಿದೆ. ಕಾಳು ಹಾಲು ತುಂಬಿಕೊಂಡು ಗಟ್ಟಿಯಾಗತೊಡಗಿದಾಗ, ಬಿತ್ತಿ ಸುಮಾರು 80–90 ದಿನಕ್ಕೆ, ತೆನೆ ಸಮೇತ ಕಟಾವು ಮಾಡಬೇಕು. ಆಗ ಗಿಡದಲ್ಲಿ ನೀರಿನಂಶ ಶೇ 65–70 ಇರುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಿ: ನೀರು ತೊಟ್ಟಿಕ್ಕಿದರೆ ಇನ್ನೂ ಎಳೆಯದು, ಉಂಡೆ ತಕ್ಷಣ ಉದುರಿದರೆ ಒಣಗಿದೆ, ಮೆಲ್ಲಗೆ ಬಿಚ್ಚಿಕೊಂಡರೆ ಹದ. ಒಣಗಿದ ದಂಟು ಒತ್ತಿದರೂ ಕೂರುವುದಿಲ್ಲ. ನಡುವೆ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ.

‘ದೊಡ್ಡ ಯಂತ್ರ, ದೊಡ್ಡ ಗುಂಡಿ ಇದ್ದವರಿಗಷ್ಟೇ ಇದು ಸಾಧ್ಯ.’ ಹೆಚ್ಚು ಹಾನಿ ಮಾಡಿರುವುದು ಈ ನಂಬಿಕೆಯೇ, ಅದಕ್ಕೇ ಸ್ವಲ್ಪ ವಿವರವಾಗಿ ನೋಡೋಣ. ಎರಡು ಹಸುವಿಗೆ ದಿನಕ್ಕೆ ತಲಾ 20 ಕೆ.ಜಿ.ಯಂತೆ ನೂರು ದಿನಕ್ಕೆ 4 ಟನ್ ಬೇಕು. ನೀರಾವರಿಯಲ್ಲಿ ಹತ್ತು–ಹನ್ನೆರಡು ಗುಂಟೆ ಜೋಳ ಸಾಕು. ಚೆನ್ನಾಗಿ ತುಳಿದರೆ ಒಂದು ಘನ ಅಡಿಗೆ ಸುಮಾರು 15 ಕೆ.ಜಿ. ಹಿಡಿಯುವುದರಿಂದ 10 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಗುಂಡಿ ಹೆಚ್ಚುಕಡಿಮೆ ಸಾಕೆಂದು ಕಾಣುತ್ತದೆ. ಎಡವುವುದು ಇಲ್ಲೇ. ಗುಂಡಿ ತೆರೆದ ಮೇಲೆ ಮೇವಿನ ಮುಖಕ್ಕೆ ಗಾಳಿ ತಾಗುತ್ತಲೇ ಇರುತ್ತದೆ. ನಮ್ಮ ಬಿಸಿಲಿಗೆ ದಿನಕ್ಕೆ ಕನಿಷ್ಠ ಅರ್ಧ ಅಡಿಯಾದರೂ ತೆಗೆಯದಿದ್ದರೆ ಅದು ಬಿಸಿಯೇರಿ ಕೆಡುತ್ತದೆ. ಎರಡು ಹಸು ಆ ಗುಂಡಿಯಿಂದ ದಿನಕ್ಕೆ ಖಾಲಿ ಮಾಡುವುದು ಒಂದೂಕಾಲು ಇಂಚಿನಷ್ಟು ಮಾತ್ರ! ಅಷ್ಟು ಗುಂಡಿ ಸುಮಾರು ಹತ್ತು ಹಸು ಕಟ್ಟಿದವರಿಗೆ ಸರಿ.

ಎರಡು ಹಸುವಿನ ಮನೆಗೆ ಒಪ್ಪುವುದು 50–60 ಕೆ.ಜಿ.ಯ ದಪ್ಪ ಪ್ಲಾಸ್ಟಿಕ್ ಚೀಲ ಅಥವಾ ಬೇಲರ್ ಯಂತ್ರ ಸುತ್ತಿಕೊಡುವ ಸಣ್ಣ ಉಂಡೆ. ಬಿಚ್ಚಿದ್ದು ಒಂದೂವರೆ ದಿನದೊಳಗೆ ಮುಗಿದುಹೋಗುತ್ತದೆ. ಇಲಿ ಕಡಿದ ತೂತಿಗೆ ಅಂದೇ ಟೇಪ್ ಅಂಟಿಸಬೇಕು. ಚಾಫ್ ಕಟರ್ ಇದ್ದರೆ ಒಂದು–ಎರಡು ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕಾಲಲ್ಲೇ ತುಳಿದು ತುಂಬಬಹುದು. ಯಂತ್ರ ಕೊಳ್ಳಲೇಬೇಕೆಂದೂ ಇಲ್ಲ. ಕೃಷಿ ಉಪಕರಣಗಳನ್ನು ಬಾಡಿಗೆಗೆ ಕೊಡಲೆಂದೇ ರಾಜ್ಯದಲ್ಲಿ 2014ರಲ್ಲಿ ಕೃಷಿ ಯಂತ್ರಧಾರೆ ಶುರುವಾಯಿತು. ದೊಡ್ಡ ಗುಂಡಿಯವರು ಟ್ರ್ಯಾಕ್ಟರ್ ಹತ್ತಿಸುವಾಗ ಚಕ್ರದ ಕೆಸರು ತೊಳೆಯಲಿ. ಮಣ್ಣು ಸೇರಿದರೆ ಹುಳಿಯ ಬದಲು ನಾತ ಹುಟ್ಟುತ್ತದೆ. ಅರ್ಧ ಅಡಿಗೊಂದು ಪದರ ಒತ್ತುತ್ತ, ಒಂದೆರಡು ದಿನದಲ್ಲೇ ತುಂಬಿ ಮುಚ್ಚಬೇಕು. ಚಾಫ್ ಕಟರಿಗೆ ಮೇವು ಸಿಕ್ಕಿಕೊಂಡಾಗ ಓಡುವ ಯಂತ್ರಕ್ಕೆ ಕೈ ಹಾಕಲೇಬೇಡಿ, ಮೋಟಾರು ನಿಲ್ಲಿಸಿದ ಮೇಲೇ ಬಿಡಿಸಿ.

‘ಬೆಲ್ಲ, ಉಪ್ಪು, ಯೂರಿಯಾ ಹಾಕದಿದ್ದರೆ ಆಗದು.’ ಹದಕ್ಕೆ ಬಂದ ಮುಸುಕಿನ ಜೋಳದಲ್ಲಿ ಸಾಕಷ್ಟು ಸಕ್ಕರೆ ಇದೆ. ಸಕ್ಕರೆ ಕಡಿಮೆ ಇರುವ ನೇಪಿಯರ್ ಹುಲ್ಲಿಗಾದರೆ ಬೆಲ್ಲದ ನೀರು ನೆರವಾಗುತ್ತದೆ. ಯೂರಿಯಾವನ್ನು ಅಂದಾಜಿನಲ್ಲಿ ಎರಚಿದರೆ ದನ ಸತ್ತೀತು.

‘ರಸಮೇವು ಹಾಕಿದರೆ ಹಿಂಡಿ ಬೇಡ.’ ಬೇಕು. ಜೋಳದ ರಸಮೇವಿನ ಒಣ ತೂಕದಲ್ಲಿ ಸಸಾರಜನಕ (ಪ್ರೋಟೀನ್) ಶೇ 8ರ ಆಸುಪಾಸು ಮಾತ್ರ. ಕರೆಯುವ ಹಸುವಿಗೆ ಅದು ಸಾಲದು. ಹಿಂಡಿಯನ್ನು ಪೂರ್ತಿ ನಿಲ್ಲಿಸಿ ಹಾಲು ಇಳಿದಾಗ ರಸಮೇವನ್ನು ಬೈಯುವುದು ಅನ್ಯಾಯ. ಒಣಹುಲ್ಲೂ ಒಂದಿಷ್ಟು ಜೊತೆಗಿರಲಿ.

‘ಗಬ್ಬದ ಹಸುವಿಗೆ ಕೊಟ್ಟರೆ ಗರ್ಭ ಇಳಿದುಬಿಡುತ್ತದೆ.’ ಒಳ್ಳೆಯ ರಸಮೇವಿನಿಂದ ಹಾಗಾಗುವುದಿಲ್ಲ. ಮಣ್ಣು ಸೇರಿ ಕೆಟ್ಟ ಮೇವಿನಲ್ಲಿ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ, ಬೂಷ್ಟಿನ ವಿಷದಿಂದ ಗರ್ಭ ಇಳಿಯುವ ಅಪಾಯ ನಿಜ. ಬೂಷ್ಟು ಕಂಡ ಭಾಗವನ್ನು ಯಾವ ಹಸುವಿಗೂ ಹಾಕಬೇಡಿ. ಅದರ ವಿಷ ಹಾಲಿನಲ್ಲೂ ಇಳಿಯುತ್ತದೆ.

ಹಾಲಿಗೆ ವಾಸನೆ ಬರುತ್ತದೆ ಎಂಬ ಅಂಜಿಕೆಗೆ ಪರಿಹಾರ ಸುಲಭ: ಹಾಲು ಕರೆದ ಮೇಲೆ ಮೇವು ಹಾಕಿ. ಮೊದಲ ವಾರ ದಿನಕ್ಕೆ ನಾಲ್ಕೈದು ಕೆ.ಜಿ.ಯಿಂದ ಶುರುಮಾಡಿ ಏರಿಸುತ್ತ ಹೋಗಿ.

ಈ ಮುಂಗಾರಿಗೆ ಜೋಳ ಹಾಕುವವರು ಬಿತ್ತನೆಗೆ ಮೊದಲೇ ಕೊಟ್ಟಿಗೆಯ ಹಸುಗಳನ್ನು ಲೆಕ್ಕ ಹಾಕಿ, ಗುಂಡಿಯೋ ಚೀಲವೋ ಎಂದು ನಿರ್ಧರಿಸಿಕೊಳ್ಳಿ. ಕಟಾವಿನ ಯಂತ್ರವನ್ನು ಒಂದು ತಿಂಗಳು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಹದಕ್ಕೆ ಬಂದ ಜೋಳ ಯಂತ್ರಕ್ಕಾಗಿ ಕಾಯುವುದಿಲ್ಲ.