ಸ್ಯಾಂಕಿ ಕೆರೆ ದಂಡೆಯಲ್ಲಿ ಲೆಕ್ಕ ಕೇಳುವವರು

ಬೆಂಗಳೂರಿನ ಮಲ್ಲೇಶ್ವರಕ್ಕೂ ಸದಾಶಿವನಗರಕ್ಕೂ ನಡುವೆ ಇರುವ ಸ್ಯಾಂಕಿ ಕೆರೆ 1882ರದ್ದು. ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು. ಹತ್ತಿರದಲ್ಲೇ ಸರ್ಕಾರದ ಗಂಧದ ಡಿಪೊ ಇದ್ದುದರಿಂದ ಹಳಬರ ಬಾಯಲ್ಲಿ ಇದು ಗಂಧದಕೋಟಿ ಕೆರೆ. ಬೆಳಕು ಹರಿಯುವ ಹೊತ್ತಿಗೆಲ್ಲ ಇಲ್ಲಿ ವಾಕಿಂಗ್ ಶುರುವಾಗಿರುತ್ತದೆ.

ಇಂಥ ಜಾಗಗಳಿಗೆ ಕೋಟಿಗಟ್ಟಲೆ ರೂಪಾಯಿಯ ಯೋಜನೆ ಬೇಕಿಲ್ಲ. ನಡಿಗೆ ಹಾದಿಯ ಒಂದು ಕಲ್ಲು ಅರ್ಧ ಅಂಗುಲ ಎದ್ದರೂ ಎಪ್ಪತ್ತು ದಾಟಿದವರು ನೀರು, ಹಕ್ಕಿ ನೋಡುವುದನ್ನು ಬಿಟ್ಟು ನೆಲ ನೋಡುತ್ತ ನಡೆಯಬೇಕಾಗುತ್ತದೆ. ಬೈಕು ನುಗ್ಗದಿರಲೆಂದು ಪಾರ್ಕಿನ ಗೇಟಿಗೆ ನೆಟ್ಟ ಕಂಬಿ ಗಾಲಿಕುರ್ಚಿಯನ್ನೂ ಆಚೆಯೇ ನಿಲ್ಲಿಸುತ್ತದೆ. ಅದನ್ನು ಒಂದು ಗೇಣು ಸರಿಸಿದರೆ ಸಾಕು. ಆದರೆ ಯಾರನ್ನು ಕೇಳಬೇಕು, ಹಣ ಎಷ್ಟು ಬಂತು, ಗುತ್ತಿಗೆ ಯಾರದು ಎಂಬುದು ಗೊತ್ತಿಲ್ಲದಿದ್ದರೆ ಆ ಒಂದು ಗೇಣಿಗೂ ವರ್ಷಗಳೇ ಹಿಡಿಯುತ್ತವೆ.

ಕೇಳುವ ಅಭ್ಯಾಸ ಈ ಭಾಗಕ್ಕೆ ಹಳೆಯದು. ಸದಾಶಿವನಗರದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಗೆ ಬಿಟ್ಟುಕೊಡಲು ಸರ್ಕಾರ ಆದೇಶಿಸಿತು. ನಿವಾಸಿಗಳು ಕೋರ್ಟಿನ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಜನರ ಪರ ನಿಂತಿತು. ಪಾರ್ಕು ಉಳಿಸಿ ಎಂದು ಕೇಳುವ ಹಕ್ಕು ಬಡಾವಣೆಯವರಿಗೆ ಇದೆ ಎಂದಿತು. ದೇಶದ ಯಾವುದೇ ಊರಿನಲ್ಲಿ ಪಾರ್ಕಿನ ವ್ಯಾಜ್ಯ ಎದ್ದರೂ ವಕೀಲರು ಇಂದಿಗೂ ಈ ತೀರ್ಪನ್ನು ತೆಗೆಯುತ್ತಾರೆ. 2023ರಲ್ಲಿ ಸ್ಯಾಂಕಿ ರಸ್ತೆಯ ಮೇಲ್ಸೇತುವೆ ಯೋಜನೆಗೆ ಮರಗಳು ಬಲಿಯಾಗುವ ಸೂಚನೆ ಸಿಕ್ಕಾಗ ಇದೇ ಸುತ್ತಮುತ್ತಲಿನವರು ಮತ್ತೆ ಬೀದಿಗಿಳಿದರು.

ಚಳವಳಿಗೆ ಮೊದಲೇ ಬಳಸಬಹುದಾದ ಕಾನೂನೂ ನಮ್ಮ ಕೈಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಬರೀ ಕಾಗದದ ನಕಲು ಎಂದುಕೊಂಡವರೇ ಹೆಚ್ಚು. ನಡೆಯುತ್ತಿರುವ ಕಾಮಗಾರಿಯನ್ನು ಖುದ್ದು ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಅದರಲ್ಲಿ ಅವಕಾಶವಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಹೊಸದಾಗಿ ಹಾಸಿದ ಹಾದಿ ಮೊದಲ ಮಳೆಗೇ ಕುಸಿದರೆ ಅಂದಾಜು ಪಟ್ಟಿಯಲ್ಲಿ ಬರೆದಷ್ಟು ಜಲ್ಲಿ ಅಡಿಯಲ್ಲಿ ಬಿದ್ದಿದೆಯೇ ಎಂದು ನೋಡುವ ಹಕ್ಕು ಅಲ್ಲಿ ನಡೆಯುವ ಎಲ್ಲರದೂ. ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಬಜೆಟ್ಟು, ಖರ್ಚಿನ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು.

ಹಕ್ಕು ಇದ್ದರೂ ಯಾರನ್ನು ಕೇಳಬೇಕೆಂಬ ಪ್ರಶ್ನೆ ಉಳಿಯುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆ ಐದಾಗಿ ಒಡೆಯಿತು. ಇಂಥ ಹೊತ್ತಿನಲ್ಲಿ ಕಾರ್ಪೊರೇಟರ್ ಮನೆಗೆ ಹೋಗಿ ಕೇಳುತ್ತಿದ್ದ ದಾರಿಯೇ ಮುಚ್ಚಿಹೋಗುತ್ತದೆ. ಅದಕ್ಕೇ ಪ್ರತಿ ಪಾರ್ಕಿನ ಗೇಟಿನಲ್ಲಿ ಒಂದು ಫಲಕ ಬೇಕು: ಕಾಮಗಾರಿಯ ಜಾಬ್ ಕೋಡ್, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಅವರೇ ದುರಸ್ತಿ ಮಾಡಿಕೊಡಬೇಕಾದ ಕೊನೆಯ ದಿನಾಂಕ, ಎಂಜಿನಿಯರ್ ಫೋನ್ ನಂಬರ್. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೂ ಓದುವಂತೆ, ದಪ್ಪ ಕನ್ನಡ ಅಕ್ಷರದಲ್ಲಿ.