ಸಾವಿರ ಪುಟ, ಒಂದೇ ಸಾಕ್ಷಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಈ ತಾಲ್ಲೂಕುಗಳು ಯಾವ ಜಿಲ್ಲೆಗೆ ಸೇರಿವೆ? 2007ರಲ್ಲಿ ಇವು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಜಿಲ್ಲಾ ಕೇಂದ್ರ ಮಾತ್ರ ರಾಮನಗರವೇ. ಆದರೆ ಹಳೆಯ ಬರಹಗಳಿಂದ ಕಲಿತ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಹಳೆಯ ಹೆಸರಿನಲ್ಲೇ ನೂರಾರು ಪುಟಗಳನ್ನು ಹೊಸೆಯಬಲ್ಲದು. ಆ ರಾಶಿಯಿಂದ ಸರಿಯಾದ ಪುಟವನ್ನು ಅಂತರ್ಜಾಲದ ಶೋಧಕ ಯಂತ್ರ ಹೆಕ್ಕುವುದು ಹೇಗೆ?

ನಕಲು ಪತ್ತೆ

ಮೊದಲು ನಕಲುಗಳನ್ನು ಗುರುತಿಸಬೇಕು. ಆಂದ್ರೇ ಬ್ರೋಡರ್ 1997ರಲ್ಲಿ ವಿವರಿಸಿದ ಉಪಾಯ ಸರಳವಾದುದು. ಈ ಎರಡು ವಾಕ್ಯಗಳನ್ನು ಗಮನಿಸಿ:

‘ಚನ್ನಪಟ್ಟಣದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುತ್ತಾರೆ.’
‘ಚನ್ನಪಟ್ಟಣದ ಬೊಂಬೆಗಳಿಗೆ ಅರಗಿನ ಬಣ್ಣ ಬಳಿಯುತ್ತಾರೆ.’

ಪ್ರತಿ ವಾಕ್ಯದಿಂದ ಅಕ್ಕಪಕ್ಕದ ಮೂರು ಮೂರು ಪದಗಳ ತುಣುಕು ಮಾಡಿದರೆ ತಲಾ 3 ತುಣುಕುಗಳು ಸಿಗುತ್ತವೆ. ಅವುಗಳಲ್ಲಿ 2 ಸಮಾನ. ಬೇರೆ ಬೇರೆ ತುಣುಕುಗಳು ಒಟ್ಟು 4. ಆದ್ದರಿಂದ ಹೋಲಿಕೆ 2/4, ಅಂದರೆ ಶೇಕಡ 50. ಇಡೀ ಪುಟಗಳ ಹೋಲಿಕೆ ಶೇಕಡ 100ರ ಸಮೀಪವಿದ್ದರೆ ಒಂದನ್ನು ಉಳಿಸಿಕೊಂಡರೆ ಸಾಕು.

ಯಂತ್ರವು ಅದೇ ವಿಷಯವನ್ನು ಬೇರೆ ಪದಗಳಲ್ಲಿ ಬರೆದರೆ ಈ ಉಪಾಯ ಸೋಲುತ್ತದೆ. ಆಗ ವಾಕ್ಯಗಳ ಅರ್ಥವನ್ನೇ ಸಂಖ್ಯೆಗಳ ಸಾಲಾಗಿ ಬದಲಿಸಿ ಹೋಲಿಸಬೇಕಾಗುತ್ತದೆ.

ಬರೆದವರು ಯಾರು?

ಯಂತ್ರದ ಬರಹವನ್ನೇ ಗುರುತಿಸಿ ತೆಗೆದುಹಾಕಬಾರದೇ ಎಂದು ನೀವು ಕೇಳಬಹುದು. ಅದು ಕಷ್ಟ. ಓಪನ್‌ಎಐ ಸಂಸ್ಥೆ ತಾನು ರಚಿಸಿದ್ದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಗೂಗಲ್ 2024ರ ಮಾರ್ಚ್‌ನಲ್ಲಿ ಬೇರೆ ದಾರಿ ಹಿಡಿಯಿತು: ಬರೆದದ್ದು ಮನುಷ್ಯನಾಗಲಿ ಯಂತ್ರವಾಗಲಿ, ಓದುಗರಿಗೆ ಉಪಯೋಗವಿಲ್ಲದೆ ಶ್ರೇಯಾಂಕಕ್ಕಾಗಿಯೇ ರಾಶಿ ರಾಶಿ ತಯಾರಿಸಿದ ಪುಟಗಳನ್ನು ಅದು ಕಸವೆಂದು ಪರಿಗಣಿಸುತ್ತದೆ.

ಸಾಕ್ಷಿಯ ತೂಕ

1998ರಲ್ಲಿ ಪ್ರಕಟವಾದ ಪೇಜ್‌ರ‍್ಯಾಂಕ್ ವಿಧಾನದಲ್ಲಿ, ಒಂದು ಪುಟಕ್ಕೆ ಇತರ ಪುಟಗಳು ನೀಡುವ ಕೊಂಡಿಗಳೇ ಅದರ ಮನ್ನಣೆ. ಈಗ ಕೊಂಡಿಗಳನ್ನೂ ಯಂತ್ರ ಸೃಷ್ಟಿಸಬಲ್ಲದು. ಆದ್ದರಿಂದ ಮೂಲಕ್ಕೆ ಹೆಚ್ಚು ತೂಕ ಕೊಡಬೇಕು. ಜಿಲ್ಲೆಯ ಹೆಸರಿಗೆ ಸರ್ಕಾರಿ ಅಧಿಸೂಚನೆಯೇ ಮೂಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ ಎಂಬುದನ್ನು ಕಂಡು ಬರೆದವರ ಪುಟವೂ ಮೂಲವೇ. ಅದನ್ನು ನೋಡಿ ಹೊಸೆದ ಸಾವಿರ ಪುಟಗಳು ಸಾವಿರ ಸಾಕ್ಷಿಗಳಲ್ಲ.

ಮಾಡಿ ನೋಡಿ: ನಿಮ್ಮ ಊರಿನ ಬಗ್ಗೆ ಅಂತರ್ಜಾಲದಲ್ಲಿ ಐದು ಪುಟಗಳನ್ನು ಆರಿಸಿ. ಯಾವ ಪುಟದ ಮಾಹಿತಿ ಎಲ್ಲಿಂದ ಬಂದಿದೆ ಎಂದು ಪತ್ತೆ ಮಾಡಿ. ಕೊನೆಗೆ ಉಳಿಯುವ ಸ್ವತಂತ್ರ ಸಾಕ್ಷಿಗಳೆಷ್ಟು?