ಟ್ರ್ಯಾಕ್ಟರಿನ ಪವರ್ ಸ್ಟಿಯರಿಂಗಿಗೆ ತಕ್ಕ ಎಣ್ಣೆ

ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರನ್ನು ಹೊರಳಿಸುವಾಗ ಚಾಲಕನ ತೋಳಿಗೆ ಬೀಳುವ ಶ್ರಮವನ್ನು ಪವರ್ ಸ್ಟಿಯರಿಂಗ್ ಬಹುಮಟ್ಟಿಗೆ ತಗ್ಗಿಸುತ್ತದೆ. ಈ ಕೆಲಸ ಮಾಡುವುದು ಒತ್ತಡಕ್ಕೊಳಗಾದ ಎಣ್ಣೆ. ಎಂಜಿನ್ನಿನಿಂದ ನಡೆಯುವ ಪಂಪು ಎಣ್ಣೆಯನ್ನು ಒತ್ತುತ್ತದೆ. ಸ್ಟಿಯರಿಂಗಿನ ಕೆಳಗಿರುವ ಕವಾಟವು ಅದನ್ನು ಬೇಕಾದ ಕಡೆಗೆ ಬಿಡುತ್ತದೆ. ಮುಂದಿನ ಅಚ್ಚಿನ ಬಳಿ ಇರುವ ಸಿಲಿಂಡರು ಗಾಲಿಗಳನ್ನು ತಿರುಗಿಸುತ್ತದೆ.

ಎಣ್ಣೆಯಿಂದ ನಡೆಯುವ ಸ್ಟಿಯರಿಂಗ್ ಉಳ್ಳ ಕಾರಿನಲ್ಲಿ ಎಣ್ಣೆ ಸೋರಿಹೋದರೂ ಸ್ಟಿಯರಿಂಗಿಗೂ ಗಾಲಿಗೂ ಕಬ್ಬಿಣದ ಜೋಡಣೆ ಇರುವುದರಿಂದ ಕಷ್ಟಪಟ್ಟಾದರೂ ತಿರುಗಿಸಬಹುದು. ಹೈಡ್ರೋಸ್ಟ್ಯಾಟಿಕ್ ಸ್ಟಿಯರಿಂಗ್ ಇರುವ ಟ್ರ್ಯಾಕ್ಟರಿನಲ್ಲಿ ಅಂಥ ಜೋಡಣೆ ಇಲ್ಲ. ಎಣ್ಣೆಯೇ ಅಲ್ಲಿನ ಕೊಂಡಿ. ಎಂಜಿನ್ ನಿಂತರೆ ಸ್ಟಿಯರಿಂಗ್ ಬಹಳ ಬಿಗಿಯಾಗುತ್ತದೆ. ಎಣ್ಣೆ ಪೂರ್ತಿ ಸೋರಿದರೆ ಹಿಡಿತವೇ ತಪ್ಪುತ್ತದೆ. ಕಬ್ಬು ತುಂಬಿದ ಟ್ರೈಲರು ಹಿಂದಿರುವಾಗ ಹೀಗಾದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿ ಟ್ರ್ಯಾಕ್ಟರನ್ನು ಉರುಳಲು ಬಿಡಲೇಬಾರದು.

ಯಾವ ಎಣ್ಣೆ ಹಾಕಬೇಕು?

ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಸಾಮಾನ್ಯವಾಗಿ ಎರಡು ಬಗೆಯ ಏರ್ಪಾಡುಗಳಿವೆ.

1. ಸ್ಟಿಯರಿಂಗಿಗೆ ಪ್ರತ್ಯೇಕ ತೊಟ್ಟಿ: ಇದಕ್ಕೆ ಎ.ಟಿ.ಎಫ್. ಅಥವಾ ಹೈಡ್ರಾಲಿಕ್ ಎಣ್ಣೆಯನ್ನು ಹೇಳಿರುತ್ತಾರೆ. ಹೈಡ್ರಾಲಿಕ್ ಎಣ್ಣೆಯ ಡಬ್ಬಿಯ ಮೇಲೆ 32, 46, 68 ಮುಂತಾದ ಅಂಕೆಗಳಿರುತ್ತವೆ. ಇವು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಣ್ಣೆಯ ಮಂದತೆಯನ್ನು ಸೂಚಿಸುತ್ತವೆ. ಅಂಕೆ ಹೆಚ್ಚಾದಷ್ಟೂ ಎಣ್ಣೆ ಮಂದ.

2. ಗೇರ್ ಪೆಟ್ಟಿಗೆಯೊಡನೆ ಒಂದೇ ತೊಟ್ಟಿ: ಇದಕ್ಕೆ ಯು.ಟಿ.ಟಿ.ಒ. ಎಂಬ ಎಣ್ಣೆ ಬೇಕಾಗುತ್ತದೆ. ಇದು ಗೇರುಗಳಿಗೆ, ಲಿಫ್ಟಿಗೆ ಹಾಗೂ ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳಿಗೆ ಒಟ್ಟಿಗೆ ಒದಗುತ್ತದೆ. ಇದರ ಬದಲು ಬರೀ ಹೈಡ್ರಾಲಿಕ್ ಎಣ್ಣೆ ಹಾಕಿದರೆ ಗೇರುಗಳು ಸವೆಯಬಹುದು, ಬ್ರೇಕುಗಳು ಸದ್ದು ಮಾಡಬಹುದು.

ಬಣ್ಣವನ್ನು ನೋಡಿ ಎಣ್ಣೆ ಕೊಳ್ಳಬಾರದು. ಎ.ಟಿ.ಎಫ್.ನ ಕೆಂಪು ಬೆರೆಸಿದ ಬಣ್ಣ ಮಾತ್ರ, ಗುಣಕ್ಕೆ ಸಾಕ್ಷಿಯಲ್ಲ. ಕಂಪನಿ ಬೇರೆಯಾದರೂ ಚಿಂತೆಯಿಲ್ಲ. ಡಬ್ಬಿಯ ಮೇಲಿನ ದರ್ಜೆ ಕೈಪಿಡಿಯ ದರ್ಜೆಗೆ ಹೊಂದಬೇಕು.

ಯಾವುದು ಹಾಕಬಾರದು?

ಬ್ರೇಕ್ ಆಯಿಲನ್ನು ಯಾವ ಕಾರಣಕ್ಕೂ ಹಾಕಬಾರದು. ಡಾಟ್ 3, ಡಾಟ್ 4 ಎಂದು ಗುರುತಿರುವ ಈ ದ್ರವ ಗ್ಲೈಕಾಲಿನಿಂದ ಮಾಡಿದ್ದು. ಸ್ಟಿಯರಿಂಗಿನ ರಬ್ಬರ್ ಸೀಲುಗಳನ್ನು ಇದು ಕೆಡಿಸಿ ಸೋರಿಕೆಗೆ ದಾರಿಮಾಡುತ್ತದೆ. ತಪ್ಪಿ ಹಾಕಿದ್ದರೆ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿ ಪೂರ್ತಿ ತೆಗೆಸಿ ತೊಳೆಸಬೇಕು. ಹಳೆಯ ಎಣ್ಣೆ, ಸೀಮೆಎಣ್ಣೆ ಬೆರೆಸಿದ ಎಣ್ಣೆಗಳೂ ಸಲ್ಲವು.

ಗಮನಿಸಬೇಕಾದ ಅಂಶಗಳು

* ಸಮತಟ್ಟಾದ ಜಾಗದಲ್ಲಿ ಗಾಲಿಗಳನ್ನು ನೇರವಾಗಿಟ್ಟು, ಎಂಜಿನ್ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಬೇಕು. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಒರೆಸಬೇಕು.

* ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಅಥವಾ ಗಾಳಿ ಸೇರಿದೆಯೆಂದೂ, ಸುಟ್ಟ ವಾಸನೆಯಿದ್ದರೆ ಅತಿಯಾಗಿ ಕಾದಿದೆಯೆಂದೂ ತಿಳಿಯಬೇಕು.

* ತಿರುಗಿಸುವಾಗ ಪಂಪು ಕೊರಗುಟ್ಟಿದರೆ ಎಣ್ಣೆ ಕಡಿಮೆಯಾಗಿರಬಹುದು. ಪದೇಪದೇ ಮಟ್ಟ ಇಳಿಯುತ್ತಿದ್ದರೆ ಬರೀ ತುಂಬುತ್ತ ಹೋಗದೆ ಸೋರಿಕೆಯನ್ನು ಹುಡುಕಬೇಕು.

* ಸೋರಿಕೆಯನ್ನು ಕೈಯಿಂದ ತಡವಿ ನೋಡಬಾರದು. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮದೊಳಗೆ ತೂರುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎಣ್ಣೆ ತೂರಿದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

* ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೆಯೇ ಹಿಡಿದಿರಬಾರದು. ಎಣ್ಣೆ ಬೇಗ ಕಾಯುತ್ತದೆ.

* ತೆಗೆದ ಎಣ್ಣೆಯನ್ನು ಹೊಲಕ್ಕಾಗಲಿ ಬಾವಿಯ ಬಳಿಯಾಗಲಿ ಚೆಲ್ಲಬಾರದು.

ಎಣ್ಣೆಯ ಹೆಸರು ಮತ್ತು ದರ್ಜೆಯನ್ನು ತೊಟ್ಟಿಯ ಮೇಲೆ ಬಣ್ಣದಿಂದ ಬರೆದಿಡುವುದು ಒಳ್ಳೆಯದು. ಟ್ರ್ಯಾಕ್ಟರನ್ನು ಯಾರು ನಡೆಸಿದರೂ ಆಗ ತಪ್ಪು ಡಬ್ಬಿಗೆ ಕೈ ಹಾಕುವ ಸಂಭವ ಕಡಿಮೆ.